ಹಸಿ ಹಚ್ಚೆ

ಆರನೆಯ ದಿನ ಬೆಳಿಗ್ಗೆ, ಎಡ ಮುಂಗೈಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚುವಾಗ ಹಚ್ಚೆಯ ಬಾಲದ ತುದಿ ಅದಕ್ಕೇ ಅಂಟಿಕೊಂಡು ಬಂತು. ರಂಜಿತಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅರ್ಧ ಸಾಸಿವೆಯಷ್ಟು ಕರಿ ಚೂರು. ಕೈಮೇಲೆ ಅದಿದ್ದ ಜಾಗ ಕೆಂಪಾಗಿ, ಹಸಿಯಾಗಿ ಮಿನುಗುತ್ತಿತ್ತು. ಸುತ್ತಲಿನ ಚರ್ಮ ಮುಟ್ಟಿದರೆ ಬಿಸಿ. ಅವಳು ಅಳಲಿಲ್ಲ. ಅಳು ನಿಂತು ಬಹಳ ದಿನವಾಗಿತ್ತು. ದಿನವೂ ನಿಲ್ಲುವ ಜಾಗದಲ್ಲೇ ನಿಂತು, ಅದೇ ಬೆಳಕಿನಲ್ಲಿ, ಫೋನಿನಲ್ಲಿ ಆರನೆಯ ಫೋಟೊ ತೆಗೆದಳು.

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕುಶಾಲನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಎಲೆಯೊಂದಕ್ಕೆ ರೋಗ ತಗುಲಿದರೆ ಅದು ದಿನದಿಂದ ದಿನಕ್ಕೆ ಹೇಗೆ ಹರಡುತ್ತದೆ ಎಂದು ಮಕ್ಕಳಿಗೆ ಬರೆಸುತ್ತಿದ್ದಳು. ಆರು ಫೋಟೊಗಳನ್ನು ಸಾಲಾಗಿಟ್ಟು ನೋಡಿದಳು. ಮೊದಲ ದಿನ ಗೆರೆ ರೇಷ್ಮೆ ಎಳೆಯಂತಿತ್ತು. ಎರಡನೆಯ ದಿನ ಊದಿತು. ಮೂರು ನಾಲ್ಕರಲ್ಲಿ ಮಂಕಾಯಿತು. ಐದರಲ್ಲಿ ನೀರೊಡೆಯಿತು. ಈಗ ಬಾಲವೇ ಇಲ್ಲ. ಎಲೆಯಾಗಿದ್ದರೆ ಕಿತ್ತು ಬಿಸಾಡಿ ಎನ್ನುತ್ತಿದ್ದಳು.

ಹಚ್ಚೆಯ ಆ ಗುರುತು ಅವಳದಲ್ಲ, ಅವಳ ಗಂಡ ಅಶ್ವಥ್‌ನದು. ಅವನು ಮೋಟರ್ ವೈಂಡಿಂಗ್ ಮಾಡುತ್ತಿದ್ದ. ಸುತ್ತಮುತ್ತಲಿನ ಶುಂಠಿ ಹೊಲ, ತೆಂಗಿನ ತೋಟಗಳ ಸುಟ್ಟ ಮೋಟರುಗಳೆಲ್ಲ ಅವನ ಅಂಗಡಿಗೆ ಬರುತ್ತಿದ್ದವು. ಹಳೆಯ ತಂತಿ ಬಿಚ್ಚಿ, ಹೊಸದು ಸುತ್ತಿ, ವಾರ್ನಿಷ್ ಒಣಗಿಸಿ, ಒಂದು ಗಂಟೆ ಓಡಿಸಿ ನೋಡಿ, ಕೊನೆಗೆ ಕಡ್ಡಿಯೊಂದನ್ನು ಹಳದಿ ಬಣ್ಣದಲ್ಲಿ ಅದ್ದಿ ಮೋಟರಿನ ಮೈಮೇಲೆ ಒಂದು ಗುರುತು ಹಾಕುತ್ತಿದ್ದ. ಕಡ್ಡಿ ಎತ್ತದೆ ಒಂದೇ ಎಳೆತ: ಒಂದು ಸುತ್ತು, ಅದರೊಳಗೆ ಇನ್ನೊಂದು ಸುತ್ತು, ಹೊರಗೆ ಚಿಮ್ಮಿದ ಒಂದು ಬಾಲ. ಬೇರೆಯವರು ತಾರೀಖು ಬರೆಯುತ್ತಾರೆ, ನೀವೇಕೆ ಹೀಗೆ ಎಂದು ಅವಳು ಒಮ್ಮೆ ಕೇಳಿದ್ದಳು. ವಾಪಸು ಬಂದರೆ ನನ್ನದು ಹೌದೋ ಅಲ್ಲವೋ ಗೊತ್ತಾಗಬೇಕಲ್ಲ ಎಂದಿದ್ದ. ಹದಿನಾಲ್ಕು ತಿಂಗಳ ಹಿಂದೆ ಸುಂಟಿಕೊಪ್ಪದ ಆಚೆಯ ತಿರುವಿನಲ್ಲಿ ಬೈಕು ಜಾರಿ ತೀರಿಹೋದ. ಅವನ ಅಂಗಡಿಯಲ್ಲಿ ಈಗ ಯಾರೋ ಚಪ್ಪಲಿ ಮಾರುತ್ತಾರೆ. ಮನೆಯ ಬಾವಿಯ ಮೋಟರಿನ ಮೇಲೆ ಮಾತ್ರ ಆ ಗುರುತು ಉಳಿದಿತ್ತು. ಅದೂ ಬಿಸಿಲಿಗೆ ಸಿಪ್ಪೆ ಏಳತೊಡಗಿತ್ತು. ಅದರ ಫೋಟೊ ಹಿಡಿದುಕೊಂಡು ಅವಳು ಶನಿವಾರ ಮಧ್ಯಾಹ್ನ ಮಿಲನ್‌ನ ಹಚ್ಚೆ ಅಂಗಡಿಯ ಮೆಟ್ಟಿಲು ಹತ್ತಿದ್ದಳು.

ಮನೆಯಲ್ಲಿ ಹೇಳಿರಲಿಲ್ಲ. ಮನೆಯೆಂದರೆ ಅತ್ತೆ ಲಿಂಗಮ್ಮ, ಮಾವ ಸಣ್ಣಸ್ವಾಮಿ. ಹಾಸನ ಕಡೆಯಿಂದ ಬಂದು ಹೆಬ್ಬಾಲೆ ರಸ್ತೆಯಲ್ಲಿ ಜಮೀನು ಮಾಡಿ ಕುಳಿತವರು. ಈ ಹದಿನಾಲ್ಕು ತಿಂಗಳಲ್ಲಿ ಇಬ್ಬರೂ ಅವಳಿಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ಒಳ್ಳೆಯ ಮಾತೂ ಅಷ್ಟಾಗಿ ಆಡಿರಲಿಲ್ಲ. ಅವಳೂ ಆಡಿರಲಿಲ್ಲ. ಮೂವರೂ ಒಂದು ತುಂಬಿದ ಕೊಡವನ್ನು ಹೊತ್ತವರಂತೆ ತುಳುಕದ ಹಾಗೆ ಓಡಾಡುತ್ತಿದ್ದರು. ಗಂಡ ಸತ್ತವಳು ಮೈಮೇಲೆ ಹೊಸದಾಗಿ ಏನನ್ನಾದರೂ ಬರೆಸಿಕೊಂಡರೆ ಜನ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಅತ್ತೆ ಏನೆನ್ನುತ್ತಾಳೆಂದು ಗೊತ್ತಿರಲಿಲ್ಲ. ಹಾಗಾಗಿ ಏಪ್ರಿಲ್ ಸೆಕೆಯಲ್ಲೂ ತುಂಬುತೋಳಿನ ಟಾಪ್ ಹಾಕಿಕೊಂಡು, ಗೆರೆ ಬಟ್ಟೆಗೆ ತಾಗದಿರಲೆಂದು ಪ್ಲಾಸ್ಟಿಕ್ ಸುತ್ತಿಕೊಂಡು ಓಡಾಡಿದಳು.

ಅನುಮಾನ ಮೊದಲು ಬಂದದ್ದು ಮಿಲನ್ ಮೇಲೆ. ಸೂಜಿಯ ಪೊಟ್ಟಣವನ್ನು ಅವನು ಅವಳ ಎದುರಿಗೇ ಹರಿದಿದ್ದ ಎಂದು ನೆನಪು. ಆದರೆ ನಡುವೆ ಫೋನು ಬಂದು ಬೆನ್ನು ತಿರುಗಿಸಿ ಮಾತಾಡಿದ್ದ. ಆಮೇಲೆ ಹಿಡಿದದ್ದು ಅದೇ ಸೂಜಿಯೇ? ಶಾಯಿಯ ಬಾಟಲಿಯ ಮೇಲಿನ ಚೀಟಿ ಅರ್ಧ ಹರಿದಿತ್ತು. ಹರಿದ ಅರ್ಧದಲ್ಲಿ ಏನಿತ್ತು? ಬಾಲ ಉದುರಿದ ಆ ಗುರುವಾರ ಕಾಲೇಜು ಬಿಟ್ಟವಳೇ ನೇರವಾಗಿ ಅಲ್ಲಿಗೆ ಹೋದಳು.

ಮಿಲನ್ ನೆಲ್ಯಹುದಿಕೇರಿಯವನು, ಇಪ್ಪತ್ತೈದು ದಾಟದ ಹುಡುಗ, ತನ್ನ ಎರಡೂ ಕೈಯನ್ನು ಭುಜದವರೆಗೆ ತುಂಬಿಸಿಕೊಂಡಿದ್ದ. ಅವಳ ಕೈಯನ್ನು ದೀಪದ ಕೆಳಗೆ ಹಿಡಿದು ಒಂದು ನಿಮಿಷ ನೋಡಿದ.

"ಅಕ್ಕ, ನಾನು ಒಂದು ದಿನ ಅಷ್ಟೇ ಪ್ಲಾಸ್ಟಿಕ್ ಅಂದಿದ್ದೆ. ನೀವು ಇದನ್ನ ಉಪ್ಪಿನಕಾಯಿ ಹಾಕಿದ ಹಾಗೆ ಮುಚ್ಚಿ ಇಟ್ಟಿದ್ದೀರ."

ಗಾಳಿಯಾಡಲು ಬಿಡಿ, ಸೋಪುನೀರಲ್ಲಿ ತೊಳೆಯಿರಿ, ಮುಲಾಮು ತೆಳ್ಳಗೆ ಹಚ್ಚಿ, ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ ಎಂದ. ಬಾಲ ಮತ್ತೆ ಬರುತ್ತದೆಯೇ ಎಂದಳು. ಒಣಗಿದ ಮೇಲೆ ನೋಡಬೇಕು, ಬಣ್ಣ ಒಳಗೆ ನಿಂತಿದ್ದರೆ ನಿಂತಿತು, ಇಲ್ಲದಿದ್ದರೆ ನಲವತ್ತು ದಿನ ಬಿಟ್ಟು ಅಲ್ಲಿ ಇನ್ನೊಮ್ಮೆ ಎಳೆಯೋಣ ಎಂದ. ತಪ್ಪು ತನ್ನದಾಗಿದ್ದರೂ ಅವನು ಇದನ್ನೇ ಹೇಳುತ್ತಿದ್ದ ಎಂದು ಮೆಟ್ಟಿಲಿಳಿಯುವಾಗ ಅವಳಿಗನ್ನಿಸಿತು. ಮನೆಯ ಹತ್ತಿರ ಬಸ್ಸಿಳಿಯುವ ಮೊದಲು ಟಾಪ್‌ನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

ಅಷ್ಟು ಹೊತ್ತಿಗೆ ಅನುಮಾನ ಮನೆಯೊಳಗೂ ಬಂದಾಗಿತ್ತು.

ಶುರುವಾದದ್ದು ಸೋಮವಾರದ ಊಟದಲ್ಲಿ. ಮಾವ ಹಾರಂಗಿಯ ಮೀನು ತಂದಿದ್ದರು. ಅವರ ತಟ್ಟೆಗೆ ಮೀನಿನ ಸಾರು ಬಿತ್ತು. ರಂಜಿತಾಳ ತಟ್ಟೆಗೆ ಬಿಸಿ ಅನ್ನ, ತುಪ್ಪ, ಹೆಸರುಬೇಳೆ ಕಟ್ಟು. ಮೀನಿನ ಪಾತ್ರೆ ಅವಳ ಪಕ್ಕದಿಂದಲೇ ಹಾದುಹೋಯಿತು. ಸಣ್ಣಸ್ವಾಮಿ ತಲೆಯೆತ್ತಿ, ಅವಳಿಗೆ ಹಾಕಿಲ್ಲವಲ್ಲ ಎಂದರು. ಲಿಂಗಮ್ಮ ಗಂಡನ ಕಡೆ ಒಂದು ನೋಟ ನೋಡಿದಳು. ಅವರು ಮತ್ತೆ ತಲೆಯೆತ್ತಲಿಲ್ಲ. ಮಂಗಳವಾರ ಅವರಿಗೆ ಕಡಲೆಕಾಯಿ ಚಟ್ನಿ, ಇವಳಿಗೆ ಮಜ್ಜಿಗೆ. ಬುಧವಾರ ಅವರಿಗೆ ಬದನೆಕಾಯಿ ಎಣ್ಣೆಗಾಯಿ, ಇವಳಿಗೆ ಹೀರೆಕಾಯಿಯ ಸಪ್ಪೆ ಪಲ್ಯ. ಅಡುಗೆಗೆ ಕೈ ಹಾಕಲು ಹೋದರೆ ಅತ್ತೆ ಬಾಗಿಲಲ್ಲೇ ತಡೆದಳು. ಒಗ್ಗರಣೆ ಹಾಕುವಾಗಂತೂ ಒಳಗೆ ಬರಬೇಡ, ಹೊರಗೆ ಕೂತ್ಕೊ ಎಂದಳು.

ಅಶ್ವಥ್ ಹೋದ ಮೊದಲ ತಿಂಗಳು ಊರಿನ ಹೆಂಗಸರು ಬಂದು ಇದನ್ನೆಲ್ಲ ಹೇಳಿಹೋಗಿದ್ದರು. ಉಪ್ಪು ಖಾರ ಕಡಿಮೆ ಇರಬೇಕು, ಮೀನು ಮಾಂಸ ಬಿಡಬೇಕು, ಒಂದು ವರ್ಷವಾದರೂ. ಆಗ ಲಿಂಗಮ್ಮ ಏನೂ ಹೇಳದೆ ಸೊಸೆಯ ತಟ್ಟೆಗೆ ಕೋಳಿ ಸಾರು ಹಾಕಿದ್ದಳು. ವರ್ಷ ಕಳೆದ ಮೇಲೆ ಈಗ ಯಾಕೆ? ಯಾರು ಅವಳ ಕಿವಿಗೆ ಏನು ತುಂಬಿದರು?

ಬುಧವಾರವೇ ಕಪಾಟು ತೆರೆದರೆ ನೈಲಾನಿನ ಹಸಿರು ಟಾಪ್, ನೀಲಿ ಟಾಪ್, ಕೆಂಪು ಅಂಚಿನದು, ಮೂರೂ ಇರಲಿಲ್ಲ. ಅವುಗಳ ಜಾಗದಲ್ಲಿ ನಾಲ್ಕು ಹಳೆಯ ಹತ್ತಿಯ ಟಾಪ್‌ಗಳು ಮಡಿಚಿ ಕೂತಿದ್ದವು. ಬಿ.ಎಸ್ಸಿ. ಓದುವಾಗ ಹಾಕುತ್ತಿದ್ದವು, ಒಗೆದು ಒಗೆದು ಬಣ್ಣ ಹೋಗಿ ಬೂದಿಯಂತಾಗಿದ್ದವು. ಉಳಿದವು ಎಲ್ಲಿ ಎಂದು ಕೇಳಿದಳು. ಬೆವರು ನಾತ, ನೆನೆಹಾಕಿದ್ದೀನಿ ಎಂದು ಉತ್ತರ ಬಂತು. ಮರುದಿನವೂ ಅವು ಹಗ್ಗದ ಮೇಲೆ ಕಾಣಲಿಲ್ಲ.

ಕನ್ನಡಿಯ ಮುಂದೆ ಬೂದುಬಣ್ಣದ ಟಾಪ್ ಹಾಕಿಕೊಂಡು ನಿಂತಾಗ ಅವಳಿಗೆ ತನ್ನ ಚಿತ್ರ ಸ್ಪಷ್ಟವಾಗಿ ಕಂಡಿತು. ಬಣ್ಣವಿಲ್ಲ, ಖಾರವಿಲ್ಲ, ಒಲೆಯ ಮುಂದೆ ಜಾಗವಿಲ್ಲ. ಅವರು ಕೂಗಾಡಿ ಮಾಡುವವರಲ್ಲ. ಸದ್ದಿಲ್ಲದೆ, ದಿನಕ್ಕೊಂದರಂತೆ ತೆಗೆಯುತ್ತಾರೆ. ಈ ಲೆಕ್ಕದಲ್ಲಿ ಕೈಮೇಲಿನದು ಅವರ ಕಣ್ಣಿಗೆ ಬಿದ್ದರೆ ಅದರ ಗತಿ ಏನು? ಉಜ್ಜಿ ತೆಗೆಯಲು ಬಾರದ ಒಂದೇ ಒಂದು ವಸ್ತು ಅವಳ ಹತ್ತಿರವಿತ್ತು. ಅದು ತಾನಾಗಿಯೇ ಉದುರುತ್ತಿತ್ತು.

ಮುಲಾಮಿನ ಟ್ಯೂಬನ್ನು ಮೇಜಿನ ಡ್ರಾಯರಿನಲ್ಲಿ ಪುಸ್ತಕಗಳ ಹಿಂದೆ ಇಡುತ್ತಿದ್ದಳು. ಬುಧವಾರ ಬೆಳಿಗ್ಗೆ ಅದರ ಮುಚ್ಚಳ ಗೋಡೆಯ ಕಡೆ ಇರುವಂತೆ ಇಟ್ಟು ಹೋದಳು. ಸಂಜೆ ಬಂದು ನೋಡಿದರೆ ಮುಚ್ಚಳ ಕಿಟಕಿಯ ಕಡೆಗಿತ್ತು. ಗುರುವಾರ ಮತ್ತೆ ಹಾಗೆಯೇ ಇಟ್ಟಳು. ಮತ್ತೆ ತಿರುಗಿತ್ತು. ಟ್ಯೂಬಿನ ಹೊಟ್ಟೆ ತಾನು ಹಿಂಡಿದ್ದಕ್ಕಿಂತ ತುಸು ಹೆಚ್ಚು ಒಳಹೋಗಿತ್ತು. ಮೂಸಿ ನೋಡಿದಳು. ಅದರದೇ ವಾಸನೆ, ಜೊತೆಗೆ ಬಹಳ ತೆಳುವಾಗಿ ಅಡುಗೆಮನೆಯ ಬೆಳ್ಳುಳ್ಳಿಯದು. ಅಲ್ಲಿಗೆ ಬಾಲ ಯಾಕೆ ಉದುರಿತೆಂದು ಅವಳಿಗೆ ಗೊತ್ತಾದಂತಾಯಿತು. ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದಳು. ಮತ್ತೆ ತೆಗೆದು ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಳು. ಸಾಕ್ಷಿ ಇರಲಿ.

ಶುಕ್ರವಾರ ಬೆಳಿಗ್ಗೆ ಬಚ್ಚಲಿನಿಂದ ಬರುವಾಗ ಹಿತ್ತಲಿನಲ್ಲಿ ಅತ್ತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಆ ಕಡೆ ಇದ್ದವಳು ನಾದಿನಿ ಹರ್ಷಿತಾ. ಶನಿವಾರಸಂತೆಗೆ ಕೊಟ್ಟ ಮಗಳು. ಅವಳ ಚೊಚ್ಚಲ ಮಗುವಿಗೆ ಭಾನುವಾರ ಗಂಡನ ಮನೆಯಲ್ಲಿ ನಾಮಕರಣ.

"ಇಲ್ಲ, ಕರ್ಕಂಡ್ ಬರಲ್ಲ," ಎನ್ನುತ್ತಿದ್ದಳು ಲಿಂಗಮ್ಮ. "ಅವಳಿಗೆ ನಾನ್ಯಾಕೆ ಹೇಳ್ಲಿ? ಈಗೇನೂ ಹೇಳಲ್ಲ. ಅವಳಿಗೆ ಗೊತ್ತಾಗೋದೇ ಬ್ಯಾಡ."

ರಂಜಿತಾ ತುಳಸಿಕಟ್ಟೆಯ ಹಿಂದೆ ಒದ್ದೆ ಟವೆಲ್ ಹಿಡಿದು ನಿಂತಿದ್ದಳು. ಆ ಮಗುವಿಗೆಂದು ಅವಳೇ ಮೈಸೂರಿನಿಂದ ತರಿಸಿದ್ದ ಬೆಳ್ಳಿಯ ಕಡಗ ಮೇಜಿನ ಮೇಲೆ ಡಬ್ಬಿಯಲ್ಲಿತ್ತು. ರಾತ್ರಿ ಅದನ್ನು ಅತ್ತೆಯ ಹಾಸಿಗೆಯ ಮೇಲಿಟ್ಟು, ನನಗೆ ಭಾನುವಾರ ಪೇಪರ್ ತಿದ್ದುವುದಿದೆ ಎಂದಳು. ಲಿಂಗಮ್ಮ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡಳು. ಬಾ ಎನ್ನಲಿಲ್ಲ.

ಭಾನುವಾರ ಇಬ್ಬರೂ ಬೆಳಗಿನ ಬಸ್ಸಿಗೆ ಹೋದರು. ಮನೆಯಲ್ಲಿ ರಂಜಿತಾ ಒಬ್ಬಳೇ. ತೋಳು ಮಡಿಚಿ ಕೈಯನ್ನು ಗಾಳಿಗೆ ಬಿಟ್ಟು ಮಧ್ಯಾಹ್ನದವರೆಗೆ ಪಡಸಾಲೆಯಲ್ಲಿ ಕುಳಿತಳು. ಕೆಂಪು ಒಂದು ಬೆರಳಿನಷ್ಟು ಆಚೆ ಸರಿದಿತ್ತು. ಜ್ವರ ಇರಲಿಲ್ಲ. ತುರಿಕೆ ಮಾತ್ರ ಮೂಳೆಯವರೆಗೆ ಇಳಿದಂತಿತ್ತು. ಅದನ್ನು ಮರೆಯಲು ಎದ್ದು ಅಡುಗೆಮನೆಗೆ ಹೋದಳು. ಒಂದು ವಾರದಿಂದ ಕಾಲಿಡದ ಅಡುಗೆಮನೆ. ಬುಟ್ಟಿಯಲ್ಲಿ ಎಳೆ ಬದನೆಕಾಯಿ ಇದ್ದವು. ಕಡಲೆಕಾಯಿ ಬೀಜ ಹುರಿದಳು, ಕೊಬ್ಬರಿ, ಒಣಮೆಣಸು ಹುರಿದಳು, ಎಲ್ಲ ಅರೆದು ತುಂಬಿ ಎಣ್ಣೆಗಾಯಿ ಮಾಡಿದಳು. ಘಾಟಿಗೆ ಕಣ್ಣಲ್ಲಿ ನೀರು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಮೊದಲ ನೀರು ಒಗ್ಗರಣೆಯದು ಎಂದುಕೊಂಡಳು. ಹಸಿವಾಗಲಿಲ್ಲ. ತಿನ್ನಲೇಬೇಕು, ಅದೂ ಅವರ ಕಣ್ಣೆದುರೇ ತಿನ್ನಬೇಕು ಎಂದು ಮುಚ್ಚಿಟ್ಟು ಕಾದಳು.

ಐದು ಗಂಟೆಗೆ ಗೇಟಿನ ಸದ್ದಾಯಿತು. ಅವಳು ತೋಳನ್ನು ಇಳಿಸಿ, ತಟ್ಟೆಗೆ ಎರಡು ರೊಟ್ಟಿ, ಮೂರು ಬದನೆಕಾಯಿ ಹಾಕಿಕೊಂಡು ಪಡಸಾಲೆಯ ನಡುವೆ ಕುಳಿತಳು. ಮಾವ ಕಾಲು ತೊಳೆಯಲು ಹಿತ್ತಲಿಗೆ ಹೋದರು. ಲಿಂಗಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದವಳು ಮೂಗು ಅರಳಿಸಿ ನಿಂತಳು. ತಟ್ಟೆ ನೋಡಿದಳು. ಕೈಚೀಲ ಅಲ್ಲೇ ಬಿಟ್ಟು ಬಂದು ಬಗ್ಗಿ ತಟ್ಟೆಯನ್ನು ಎಳೆದುಕೊಂಡಳು.

"ಅದನ್ನ ತಿನ್ನಬ್ಯಾಡ."

"ಯಾಕೆ?"

"ಬ್ಯಾಡ ಅಂದ್ರೆ ಬ್ಯಾಡ. ಎಷ್ಟು ತಿಂದೆ?"

"ಇನ್ನೂ ತಿಂದಿಲ್ಲ. ಯಾಕೆ ತಿನ್ನಬಾರದು ಹೇಳಿ ಅತ್ತೆ." ರಂಜಿತಾ ತಟ್ಟೆಯ ಅಂಚು ಬಿಡಲಿಲ್ಲ. ತನ್ನ ದನಿ ತರಗತಿಯಲ್ಲಿ ಇರುವಂತೆಯೇ ಸಮವಾಗಿರುವುದು ಅವಳಿಗೇ ಕೇಳಿಸುತ್ತಿತ್ತು. "ಗಂಡ ಸತ್ತೋಳು ಅಂತನಾ?"

ಲಿಂಗಮ್ಮನ ಕೈ ಸಡಿಲವಾಯಿತು. ಅರವತ್ತರ ಹೆಂಗಸು, ಬಸ್ಸಿನ ಧೂಳು ಮುಖದ ಮೇಲಿತ್ತು. ಸೊಸೆಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆಮೇಲೆ ತಟ್ಟೆಯನ್ನು ನೆಲಕ್ಕಿಟ್ಟು, ಅವಳ ಎಡಗೈಯ ಮಣಿಕಟ್ಟು ಹಿಡಿದು, ತೋಳನ್ನು ಮೊಣಕೈಯವರೆಗೆ ಸರಿಸಿದಳು. ತಡೆಯಲು ರಂಜಿತಾಳಿಗೆ ಹೊತ್ತು ಸಿಗಲಿಲ್ಲ.

"ಇದಕ್ಕೆ," ಎಂದಳು ಲಿಂಗಮ್ಮ. "ಹಸಿ ಗಾಯ ಇಟ್ಕಂಡು ಬದ್ನೆಕಾಯಿ, ಕಡ್ಲೆಕಾಯಿ ತಿಂತಾರೇನೇ? ನಂಜಾಗಕಿಲ್ವಾ? ಒಂದು ವಾರದಿಂದ ನಾನು ಕಟ್ಟು, ಮಜ್ಜಿಗೆ ಅಂತ ಮಾಡಿ ಹಾಕ್ತಿದ್ದೀನಿ. ನೀನು ಒಬ್ಳೇ ಕೂತು ಎಣ್ಣೆಗಾಯಿ ಮಾಡ್ಕಂಡಿದ್ದೀಯ."

ರಂಜಿತಾ ತಟ್ಟೆಯಲ್ಲಿದ್ದ ಬದನೆಕಾಯಿಯನ್ನು ನೋಡಿದಳು. ನಂಜೆಂದರೇನೆಂದು ತಿಳಿಯದವಳೇನಲ್ಲ. ಅವಳ ತಾಯಿಯ ಮನೆಯಲ್ಲೂ ಕಾಲಿಗೆ ಮುಳ್ಳು ಚುಚ್ಚಿದರೆ ಬದನೆಕಾಯಿ, ಮೀನು, ಕಡಲೆಕಾಯಿ ಮೊದಲು ನಿಲ್ಲುತ್ತಿದ್ದವು. ಗಾಯ ಕೀವಾಗುತ್ತದೆ ಎಂದು ಹುಣ್ಣಿದ್ದವರನ್ನು ಒಗ್ಗರಣೆಯ ಘಾಟಿನಿಂದ ದೂರ ಕೂರಿಸುತ್ತಿದ್ದರು. ಪಥ್ಯ ಅವಳಿಗೆ ಗೊತ್ತಿತ್ತು. ಆದರೆ ಯಾರಿಗೂ ಕಾಣದ ಗಾಯಕ್ಕೆ ಯಾರಾದರೂ ಪಥ್ಯ ಹಿಡಿಸುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಯಾವಾಗ ನೋಡಿದ್ರಿ?"

ಆ ಶನಿವಾರ ರಾತ್ರಿಯೇ, ಎಂದಳು ಲಿಂಗಮ್ಮ. ಬಟ್ಟೆ ನೆನೆಹಾಕುವಾಗ ಟಾಪ್‌ನ ತೋಳಿನ ಒಳಗಡೆ ಕರಿನೀರು, ರಕ್ತ ಬೆರೆತ ಕಲೆ. ತಾನೂ ಹಚ್ಚೆ ಹುಯ್ಯಿಸಿಕೊಂಡವಳಿಗೆ ಆ ಕಲೆ ಗೊತ್ತಾಗುವುದಿಲ್ಲವೇ. ನೈಲಾನು ಗಾಯಕ್ಕೆ ಅಂಟುತ್ತದೆ ಎಂದು ಹಳೆಯ ಹತ್ತಿಯವನ್ನು ಟ್ರಂಕಿನಿಂದ ಹುಡುಕಿ ತೆಗೆದಿಟ್ಟದ್ದೂ ಅವಳೇ.

ಕುಳಿತಲ್ಲೇ ತನ್ನ ಬಲಗೈಯನ್ನು ಮುಂದೆ ಚಾಚಿದಳು. ಅಲ್ಲಿ ಹಸಿರುಗಟ್ಟಿದ ಚೇಳೊಂದಿತ್ತು. ರಂಜಿತಾ ಮದುವೆಯಾಗಿ ಬಂದಾಗಿನಿಂದ ನೋಡಿದ ಚೇಳು. ಅದಕ್ಕೆ ಏಳೇ ಕಾಲು. ವಯಸ್ಸಿಗೆ ಒಂದು ಮಾಸಿರಬೇಕೆಂದುಕೊಂಡಿದ್ದಳು.

ಒಂಬತ್ತು ವರ್ಷಕ್ಕೆ ಚುಚ್ಚಿಸಿದ್ದು ಎಂದಳು ಲಿಂಗಮ್ಮ. ಹಚ್ಚೆಯವಳು ಹೋದ ಮೂರನೆಯ ದಿನ ಅಟ್ಟದಲ್ಲಿದ್ದ ಹುರಿದ ಕಡಲೆಕಾಯಿ ಕದ್ದು ತಿಂದಳಂತೆ. ಚೇಳಿನ ಆ ಕಾಲು ಕೀವಾಗಿ, ಸಿಪ್ಪೆಯ ಜೊತೆ ಎದ್ದುಹೋಯಿತು. ಅವ್ವ ಹೊಡೆದ ಏಟು ಇನ್ನೂ ನೆನಪಿದೆ.

ಕಡಲೆಕಾಯಿಯಿಂದ ಕೀವಾಗುವುದಿಲ್ಲ ಎಂದು ರಂಜಿತಾಳ ಬಾಯಿಗೆ ಬಂತು. ನುಂಗಿಕೊಂಡಳು. ಬದಲಿಗೆ ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಅವಳು ಇನ್ನೂ ಪೂರ್ತಿ ನಂಬಿರಲಿಲ್ಲ.

"ಇದನ್ನ ಮುಟ್ಟಿದ್ದು ನೀವೇನಾ?"

"ಹೂಂ."

"ಏನು ಬೆರೆಸಿದ್ರಿ?"

ಲಿಂಗಮ್ಮ ಸೀರೆಯನ್ನು ತುಸು ಮೇಲೆತ್ತಿ ಹಿಮ್ಮಡಿ ತೋರಿಸಿದಳು. ಒಡೆದ ಹಿಮ್ಮಡಿಯ ಒಂದು ಸೀಳು ಮಾತ್ರ ನುಣ್ಣಗಾಗಿತ್ತು.

"ಬೆರೆಸಾಕೆ ನಾನೇನು ಮಾಟದವಳಾ? ಪ್ಯಾಟೆ ಔಸ್ತಿ, ಉರೀತದಾ ಏನೋ ಅಂತ ಎರಡು ದಿನ ನಾನು ಹಚ್ಕಂಡು ನೋಡ್ದೆ. ಉರೀಲಿಲ್ಲ. ಅಲ್ಲೇ ಇಟ್ಟೆ."

ಹಿತ್ತಲಿನಿಂದ ಬಂದ ಸಣ್ಣಸ್ವಾಮಿ ಬಾಗಿಲಲ್ಲಿ ನಿಂತು, ಹೆಂಡತಿಯ ಹಿಮ್ಮಡಿಯನ್ನೂ ಸೊಸೆಯ ಮುಂಗೈಯನ್ನೂ ಒಂದೊಂದು ಸಲ ನೋಡಿ, ಕಾಫಿ ಕೇಳಲು ಬಂದವರು ಕೇಳದೆ ಹೊರಗೆ ಹೋದರು.

ಮತ್ತೆ ಯಾಕೆ ಸುಮ್ಮನಿದ್ದಿರಿ, ಒಂದು ಮಾತು ಹೇಳಬಹುದಿತ್ತಲ್ಲ ಎಂದು ರಂಜಿತಾ ಕೇಳಿದಳು. ಹಸಿ ಹಚ್ಚೆಯ ಬಗ್ಗೆ ಮಾತಾಡಬಾರದು ಎಂದಳು ಲಿಂಗಮ್ಮ. ಹಚ್ಚೆಯವಳು ಎದ್ದು ಹೋದ ಮೇಲೆ ಸಿಪ್ಪೆ ಪೂರ್ತಿ ಉದುರುವವರೆಗೆ ಅದೇನು, ಚೆನ್ನಾಗಿದೆಯಾ ಎಂದು ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ. ಬಾಯಿ ಬಿಟ್ಟರೆ ಕಣ್ಣು ತಗುಲುತ್ತದೆ, ಬಣ್ಣ ನಿಲ್ಲುವುದಿಲ್ಲ. ಅವಳ ಅವ್ವನ ಮನೆಯ ಕಟ್ಟಳೆ. ಅಲ್ಲದೆ ನೀನೇ ಮುಚ್ಚಿಟ್ಟಿದ್ದೀಯ, ಮುಚ್ಚಿಟ್ಟದ್ದನ್ನು ನಾನು ಯಾಕೆ ಎಳೆಯಲಿ ಎಂದಳು.

ಎಲ್ಲವೂ ಕೂಡಿಬರುತ್ತಿತ್ತು. ಊಟ, ಬಟ್ಟೆ, ಒಲೆ, ಟ್ಯೂಬು. ಹಾಗಾದರೆ ನಾಮಕರಣವೂ, ಎಂದುಕೊಂಡಳು ರಂಜಿತಾ. ಹೊಸಬರ ನಡುವೆ ಹೋದರೆ ಗಾಯಕ್ಕೆ ಸೋಂಕು ತಗುಲುತ್ತದೆ ಎಂದೇ ಇರಬೇಕು. ಅವಳು ಅದನ್ನೇ ಬಾಯಿಬಿಟ್ಟು ಕೇಳಿದಳು. ಕೇಳುವಾಗ ಮುಖದಲ್ಲಿ ಸಣ್ಣ ನಗುವೂ ಇತ್ತು.

ಲಿಂಗಮ್ಮ ನಗಲಿಲ್ಲ. ತಟ್ಟೆಯಲ್ಲಿದ್ದ ಬದನೆಕಾಯಿಯ ತೊಟ್ಟನ್ನು ಬೆರಳಿನಿಂದ ಆ ಕಡೆ ಈ ಕಡೆ ಹೊರಳಿಸಿದಳು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅದು ಅದಕ್ಕಲ್ಲ ಕಣವ್ವ. ಹರ್ಷಿತನ ಅತ್ತೆ ಮನೇವ್ರು ಕರ್ಕಂಡ್ ಬರಬ್ಯಾಡಿ ಅಂದ್ರು. ಮೊದಲ್ನೇ ಮಗ, ತೊಟ್ಲಿಗೆ ಹಾಕೋ ಹೊತ್ತು ಅಂತ. ನಿಂಗೆ ಗೊತ್ತಾಗಬ್ಯಾಡ ಅಂದ್ಕಂಡೆ." ತೊಟ್ಟನ್ನು ತಟ್ಟೆಯ ಅಂಚಿಗೆ ತಳ್ಳಿ ಸೇರಿಸಿದಳು. "ನಾನೂ ಬಾಯಿ ಮುಚ್ಕಂಡು ಹೋಗಿ ಉಂಡು ಬಂದೆ."

ಹೊರಗೆ ಮಾವ ಸ್ವಿಚ್ ಹಾಕಿರಬೇಕು, ಬಾವಿಯ ಮೋಟರು ಒಮ್ಮೆ ಗುರುಗುಟ್ಟಿ ಓಡತೊಡಗಿತು. ತೆಂಗಿನ ಬುಡಗಳಿಗೆ ನೀರು ಬೀಳುವ ಸದ್ದು ಕೇಳಿಸಿತು. ಇಬ್ಬರೂ ಅದನ್ನೇ ಕೇಳುತ್ತ ಕುಳಿತರು. ವಾರದಿಂದ ಕಟ್ಟಿದ್ದ ಅನುಮಾನಗಳಲ್ಲಿ ಒಂದು ಮಾತ್ರ ನಿಜವಾಗಿತ್ತು. ಅದನ್ನು ನಿಜವೆಂದು ಹೇಳಿದವಳು ಎದುರಿಗೇ ಇದ್ದಳು. ಹಾಗೆ ನೋಡಿದರೆ ಉಳಿದದ್ದನ್ನೂ ನಂಬಬಹುದಿತ್ತು.

"ಕಡಗ ಸರಿಯಾಯ್ತಾ?" ಎಂದು ರಂಜಿತಾ ಕೇಳಿದಳು.

"ಸ್ವಲ್ಪ ದೊಡ್ಡದು. ಬೆಳೀತದೆ ಮಗ."

ಲಿಂಗಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಎಣ್ಣೆಗಾಯಿಯನ್ನು ಗಂಡನಿಗೆ ಹಾಕಿಕೊಟ್ಟಳು. ಸೊಸೆಗೆ ಅನ್ನ, ಹೆಸರುಕಟ್ಟು.

ಆ ದಿನದಿಂದ ಪ್ಲಾಸ್ಟಿಕ್ ಹೋಯಿತು. ರಂಜಿತಾ ಮನೆಯಲ್ಲಿ ತೋಳು ಮಡಿಚಿಕೊಂಡೇ ಇದ್ದಳು. ಸೋಮವಾರ ಡಾಕ್ಟರಿಗೆ ತೋರಿಸಿದಳು. ಮೂರು ದಿನದ ಮಾತ್ರೆ ಬರೆದುಕೊಟ್ಟು, ಗಾಳಿ ಬಿಡಿ ಎಂದು ಮಿಲನ್ ಹೇಳಿದ್ದನ್ನೇ ಹೇಳಿದರು. ಸೂಜಿಯ ಬಗ್ಗೆ ಅವಳ ಅನುಮಾನ ಪೂರ್ತಿ ಹೋಗಲಿಲ್ಲ, ಆದರೆ ಅದಕ್ಕೆ ತಿನ್ನಲು ಏನೂ ಸಿಗದೆ ಸೊರಗಿತು. ಹತ್ತನೆಯ ಫೋಟೊದಲ್ಲಿ ಕೆಂಪು ನಿಂತಲ್ಲೇ ನಿಂತಿತ್ತು. ಹನ್ನೆರಡನೆಯದರಲ್ಲಿ ಹಿಂದೆ ಸರಿದಿತ್ತು. ಸಿಪ್ಪೆ ಏಳತೊಡಗಿತು. ತುರಿಸಿಕೊಳ್ಳಲು ಕೈ ಹೋದಾಗಲೆಲ್ಲ ಅಡುಗೆಮನೆಯಿಂದ ಒಂದು ಕೆಮ್ಮು ಬರುತ್ತಿತ್ತು. ಅತ್ತೆಗೆ ಗೋಡೆಯಾಚೆ ಕಾಣುತ್ತಿತ್ತೋ ಏನೋ. ಎಂಟು ದಿನ ಒಂದು ಮಾತೂ ಅದರ ಬಗ್ಗೆ ಅವಳ ಬಾಯಿಂದ ಬರಲಿಲ್ಲ. ಕೈಯನ್ನು ನೋಡುವಾಗಲೂ ಓರೆಗಣ್ಣಿನಿಂದ ನೋಡಿ ಬೇರೆ ಕಡೆ ತಿರುಗುತ್ತಿದ್ದಳು.

ಹದಿನೇಳನೆಯ ದಿನ, ಸೋಮವಾರ, ಕೊನೆಯ ಸಿಪ್ಪೆ ಸ್ನಾನದಲ್ಲಿ ಹೋಯಿತು. ರಂಜಿತಾ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಹಿತ್ತಲಿನ ಬಿಸಿಲಿನಲ್ಲಿ ನಿಂತಳು. ಎರಡು ಸುತ್ತು ಅಚ್ಚುಕಟ್ಟಾಗಿ ನಿಂತಿದ್ದವು. ಬಾಲ ಅರ್ಧಕ್ಕೆ ಬಂದು ಚರ್ಮದೊಳಗೆ ಕರಗಿಹೋಗಿತ್ತು. ಲಿಂಗಮ್ಮ ಅಲಸಂದೆಕಾಳು ಬಿಡಿಸುತ್ತ ಕುಳಿತಿದ್ದವಳು ಮೊರ ಕೆಳಗಿಟ್ಟು ಎದ್ದು ಬಂದಳು. ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದಳು. ಹದಿನಾರು ದಿನ ತಡೆದುಕೊಂಡಿದ್ದ ಪ್ರಶ್ನೆ.

"ಈಗ ಹೇಳು. ಏನಿದು? ಕೊಕ್ಕರೆನಾ?"

ರಂಜಿತಾ ಅವಳ ಮುಖ ನೋಡಿದಳು. ಇಷ್ಟು ದಿನ ತಾನು ಮುಚ್ಚಿಟ್ಟದ್ದು ಹಚ್ಚೆಯನ್ನಲ್ಲ, ಅದು ಯಾರದು ಎಂಬುದನ್ನು. ಮಗನ ಗುರುತನ್ನು ತಾಯಿ ಒಂದೇ ನೋಟಕ್ಕೆ ಹಿಡಿಯುತ್ತಾಳೆ, ಹಿಡಿದು ಕಿತ್ತುಕೊಳ್ಳುತ್ತಾಳೆ ಅಥವಾ ಬೈಯುತ್ತಾಳೆ ಎಂದು ಹೆದರಿದ್ದಳು. ಲಿಂಗಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಯಾವುದೋ ಕೊಕ್ಕರೆಗಾಗಿ ಅವಳು ಎರಡು ವಾರ ಬೇರೆ ಅಡುಗೆ ಮಾಡಿದ್ದಳು.

"ಕೊಕ್ಕರೆ ಅಲ್ಲ ಅತ್ತೆ. ಅವರು ಮೋಟರ್ ಮೇಲೆ ಹಾಕ್ತಿದ್ರಲ್ಲ, ಹಳದಿ ಬಣ್ಣದಲ್ಲಿ. ಅದು."

ಲಿಂಗಮ್ಮ ಕೈಬಿಟ್ಟಳು. ಯಾವ ಮೋಟರು ಎಂದಳು. ನಮ್ಮ ಬಾವಿಯದರ ಮೇಲೂ ಇದೆ ಎಂದಳು ರಂಜಿತಾ. ಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವಿಯ ಕಡೆ ನಡೆದಳು. ಮೋಟರ್ ಮನೆಯ ತಗಡಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ರಂಜಿತಾ ಹಿಂದೆ ಹೋಗಲಿಲ್ಲ. ಅವಳು ಕುಳಿತು ಅಲಸಂದೆಕಾಳು ಬಿಡಿಸಿದಳು. ಮೊರದ ಕಾಲುಭಾಗ ತುಂಬಿತು.

ಲಿಂಗಮ್ಮ ತಿರುಗಿ ಬಂದಾಗ ಸೆರಗಿನ ತುದಿ ಗ್ರೀಸಿನಿಂದ ಕಪ್ಪಾಗಿತ್ತು. ಧೂಳು ಒರೆಸಿರಬೇಕು. ಕಣ್ಣು ಕೆಂಪಾಗಿದ್ದವು. ಮೊರದ ಆ ಬದಿಗೆ ಕುಳಿತು ನಾಲ್ಕು ಕಾಯಿ ಬಿಡಿಸಿದಳು. ಆಮೇಲೆ ಮತ್ತೆ ಸೊಸೆಯ ಕೈಯನ್ನು ಎಳೆದುಕೊಂಡು, ಬಾಲ ಮುಗಿದ ಕಡೆಯಿಂದ ಮೊಣಕೈಯ ಕಡೆಗೆ ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆದಳು.

"ಅಲ್ಲಿ ಬಾಲ ಉದ್ದ ಐತೆ. ಇಲ್ಲೀಗಂಟ ಬರ್ಬೇಕು. ನಿಂದು ಗಿಡ್ಡ ಆಗೈತೆ."

"ನಲವತ್ತು ದಿನ ಬಿಟ್ಟು ಬಾ ಅಂದಿದ್ದಾನೆ ಆ ಹುಡುಗ. ಮತ್ತೆ ಎಳೀತಾನಂತೆ."

"ನಾನೂ ಬತ್ತೀನಿ. ಸೂಜಿ ಹೊಸದಾ ಹಳೇದಾ ನೋಡಬ್ಯಾಡ್ವಾ? ಈಗಿನ ಹುಡುಗರನ್ನ ನಂಬಾಕಾಯ್ತದಾ?"

ಆಗಲಿ ಎಂದಳು ರಂಜಿತಾ. ಆ ಮಧ್ಯಾಹ್ನ ಅವಳ ತಟ್ಟೆಗೆ ಮೀನು ಬಿತ್ತು. ಬಾಲದ ತುಂಡು. ಮುಳ್ಳು ಹೆಚ್ಚು, ನೋಡ್ಕಂಡು ತಿನ್ನು ಎಂದು ಲಿಂಗಮ್ಮ ಹೇಳಿದಳು. ರಂಜಿತಾ ಒಂದೊಂದೇ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಇಡುತ್ತ, ತೋಳು ಮಡಿಚಿದ ಕೈಯಿಂದ ಸಾರಿನ ಪಾತ್ರೆಯನ್ನು ಮಾವನ ಕಡೆಗೆ ಸರಿಸಿದಳು.